ಮೆಲ್ಕಾರಿಗೆ ಬಂದ ಅವ್ವ

ಮಂಗಳೂರಿನ ಬಳಿಯ ಮೆಲ್ಕಾರಿಗೆ ಕಾಲಿಟ್ಟ ದಿನವೇ ನನ್ನನ್ನು ಯಾರೋ ಆಳು ಎಂದರೆಂದು ತಿಳಿದು ಬೆಚ್ಚಿದೆ. ಬಾಡಿಗೆ ಕೋಣೆ ಕೇಳಿಕೊಂಡು ಹೋದಾಗ, ಮನೆಯೊಡತಿ ಕುಸುಮಕ್ಕ ಒಳಗಿದ್ದ ಅತ್ತೆಗೆ ತುಳುವಿನಲ್ಲಿ ಕೂಗಿ ಹೇಳಿದರು: "ಆಳ್ ಬತ್ತಳ್!"

ನನ್ನ ಮುಖ ನೋಡಿ ಅವರಿಗೇ ನಗು ಬಂತು. "ಅಯ್ಯೋ ಮಾರಾಯ್ತಿ, ಆಳ್ ಅಂದ್ರೆ ಅವಳು. ಅವಳು ಬಂದಳು ಅಂತ ಹೇಳಿದ್ದು."

ಕುಷ್ಟಗಿಯಲ್ಲಿ ಗಂಡುಮಗುವೆಂದು ಹೆಸರಿಟ್ಟು ಬೆಳೆಸಿದ ನನ್ನನ್ನು, ಸೀರೆ ಉಟ್ಟ ಮೇಲೂ ಯಾರೂ ಅವಳು ಎಂದಿರಲಿಲ್ಲ. ಅಳು ಬಂತು. ಮುಚ್ಚಿಟ್ಟು ಕೋಣೆ ಹಿಡಿಯುವುದು ಬೇಡವೆನಿಸಿ ಎಲ್ಲವನ್ನೂ ಹೇಳಿದೆ. ಕುಸುಮಕ್ಕ ಕೋಣೆಯ ಬಾಗಿಲು ಎಳೆದು ನೋಡಿದರು. ಆಮೇಲೆ, "ಬಾಗಿಲಿನ ಚಿಲಕ ಸರಿ ಇಲ್ಲ, ನಾಳೆ ಹಾಕಿಸ್ತೇನೆ" ಎಂದರು.

ಪೇಟೆಯ ಬ್ಲೌಸ್ ಅಂಗಡಿಯಲ್ಲಿ ಹೊಲಿಗೆಯ ಕೆಲಸ ಸಿಕ್ಕಿತು. ನಮ್ಮೂರಲ್ಲಿ ಬೈಯುವುದೂ ಬಾಗಿಲಲ್ಲೇ, ಕರೆದು ರೊಟ್ಟಿ ಕೊಡುವುದೂ ಬಾಗಿಲಲ್ಲೇ. ಇಲ್ಲಿಯವರು ಬೈಯಲಿಲ್ಲ. ಆದರೆ ಎಷ್ಟೋ ಹೆಂಗಸರು ಹಳೆಯ ಬ್ಲೌಸ್ ಮೇಜಿನ ಮೇಲಿಟ್ಟು, "ಅಳತೆಗೆ ಇದು ಉಂಟು, ಮೈ ಅಳತೆ ಬೇಡ" ಎಂದು ಮೆಲ್ಲಗೆ ಹೇಳಿ ಹೋಗುತ್ತಿದ್ದರು. ಮಾತಿಗೆ ಮರ್ಯಾದೆಯಿತ್ತು, ನಡುವೆ ಮೇಜೂ ಇತ್ತು. ಮಧ್ಯಾಹ್ನ ಕುಚ್ಚಲಕ್ಕಿಯ ಗಂಜಿ ಉಣ್ಣುವಾಗ, ಜೋಳದ ರೊಟ್ಟಿ ಬಡಿಯುವ ಸಪ್ಪಳ ಕಿವಿಯಲ್ಲೇ ಇರುತ್ತಿತ್ತು. ಒಂದು ದಿನ ಶಾಲೆಯ ಟೀಚರೊಬ್ಬರು ಮೇಜು ದಾಟಿ ಬಂದು, "ನೀವೇ ಅಳತೆ ತೆಗೆಯಿರಿ, ಮನೆಗೆ ಬೇಗ ಹೋಗ್ಬೇಕು" ಎಂದು ಕೈ ಎತ್ತಿ ನಿಂತರು. ಕೊರಳಿನ ಟೇಪು ತೆಗೆದು ಅಳತೆ ಹಿಡಿದೆ.

ಮರುವರ್ಷ ಅವ್ವ ಬಂದಳು. ಕುಸುಮಕ್ಕ ನೀರುದೋಸೆ ಬಡಿಸುತ್ತಾ, "ನಿಮ್ಮ ಮಗಳ ಹೊಲಿಗೆ ಚಂದ ಉಂಟು" ಎಂದರು. ಅವ್ವ ತಟ್ಟೆಯಿಂದ ತಲೆ ಎತ್ತದೆ, "ಕೈ ಚಲೋ ಐತ್ರಿ" ಎಂದಳಷ್ಟೇ.

ಕೋಣೆಗೆ ಬಂದು ಶೇಂಗಾಹಿಂಡಿಯ ಗಂಟು ಬಿಚ್ಚುವಾಗ ಬಂದ ಕಾರಣ ಹೇಳಿದಳು. "ತಂಗಿ ಮದುವಿ ಐತಿ. ಅಂಗಿ ಪ್ಯಾಂಟ ಹಾಕ್ಕೊಂಡು ಬಾ. ನಿಮ್ಮಣ್ಣ ಹಂಗಿದ್ರ ಅಷ್ಟ ಒಳಗ ಬಿಡ್ತಾನ."

"ಹಂಗ ಬರಾಕ ಆಗಂಗಿಲ್ಲವ್ವಾ."

ಅವ್ವ ಮತ್ತೆ ಕೇಳಲಿಲ್ಲ. ಮರುದಿನ ಮಂಗಳೂರಿನಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿ ಕೂತಳು. ಬಸ್ಸು ಅಲುಗಿದಾಗ ಕಿಟಕಿಯಿಂದ ಕೈ ಚಾಚಿ ನನ್ನ ಗಲ್ಲ ಹಿಡಿದು, "ಹುಷಾರ ಇರು, ಯವ್ವಾ" ಎಂದಳು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಹಾಗೆ ಕರೆಯುತ್ತಾರೆ. ಹುಟ್ಟಿದಾಗಿನಿಂದ ನಾನು ಅವಳಿಗೆ ತಮ್ಮಾ, ಯಪ್ಪಾ ಆಗಿದ್ದೆ. ಬಸ್ಸು ತಿರುಗಿತು.

ಮದುವೆಗೆ ನಾನು ಹೋಗಲಿಲ್ಲ. ಆ ಬೆಳಿಗ್ಗೆ ಅವ್ವನ ಫೋನು ಬಂತು. ಎತ್ತಿದರೆ ಮಾತಿಲ್ಲ, ಬರೀ ವಾಲಗದ ಸದ್ದು, ಮಂದಿಯ ಗದ್ದಲ. ಫೋನನ್ನು ಸೆರಗಿನ ಮರೆಯಲ್ಲಿ ಹಿಡಿದು ನನಗೆ ಮದುವೆ ಕೇಳಿಸುತ್ತಿದ್ದಾಳೆಂದು ತಡವಾಗಿ ತಿಳಿಯಿತು. ಓಡಿಹೋಗಿ ಕುಸುಮಕ್ಕನ ಅಡಿಗೆಮನೆಯಿಂದ ಅಕ್ಕಿ ಅರಿಶಿನ ತಂದು ಅಕ್ಷತೆ ಕಲಸಿದೆ. ಅವರೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು.

ಅಷ್ಟರಲ್ಲಿ ಅಣ್ಣನ ದನಿ ಕೇಳಿಸಿತು: "ಯಾರದವ್ವಾ ಫೋನು?"

"ಯಾರದೂ ಅಲ್ಲೋ" ಎಂದಳು ಅವ್ವ. ಆದರೆ ಫೋನು ಇಡಲಿಲ್ಲ.

ಗಟ್ಟಿಮೇಳ ಮೊಳಗಿತು. ಮುಷ್ಟಿಯಲ್ಲಿದ್ದ ಅಕ್ಕಿಕಾಳನ್ನು ಯಾವ ದಿಕ್ಕಿಗೆ ಎರಚುವುದೆಂದು ತಿಳಿಯದೆ ನಾನು ನಿಂತೇ ಇದ್ದೆ.