ಸಾಯಲೊಲ್ಲದವನೂ ಚಿಕ್ಕಪ್ಪನ ಅರ್ಥವಿವರಣೆಯೂ

ನಮ್ಮ ಚಿಕ್ಕಪ್ಪನಿಗೆ ಹೆಣ್ಣು ಸಿಗದಿದ್ದುದಕ್ಕೆ ಕಾರಣ ಅವನ ಮೂಗಲ್ಲ, ಕೆಲಸವಲ್ಲ, ಜಾತಕವೂ ಅಲ್ಲ, ಬಾಯಿ. (ನನ್ನನ್ನು ಎತ್ತಿ ಆಡಿಸಿದವನು, ಬಹುವಚನ ನನಗೆ ಬರುವುದಿಲ್ಲ.) ಹೆಣ್ಣಿನ ಮನೆಯಲ್ಲಿ ಕೂತರೆ ಆ ಬಾಯಿ ತೆರೆಯುತ್ತಲೇ ಇರಲಿಲ್ಲ. ‘ಹುಡುಗ ಮೂಗನೋ ಏನೋ’ ಎಂದು ನಾಲ್ಕು ಕಡೆಯಿಂದ ಹೇಳಿಕಳಿಸಿದ್ದರು. ಅದೇ ಮನುಷ್ಯ, ಸಂಜೆ ನಮ್ಮ ತಾತ ರಾಗವಾಗಿ ಕಾವ್ಯ ಓದಲು ಕೂತರೆ, ಪಕ್ಕದಲ್ಲಿ ಕೂತು ಪದ್ಯಪದ್ಯಕ್ಕೂ ಅರ್ಥ ಹೇಳುತ್ತಿದ್ದ. ಬೀದಿಯವರೆಲ್ಲ ಜಗಲಿಗೆ ಬಂದು ಕೇಳುವಷ್ಟು ಚೆನ್ನಾಗಿ.

ತೊಂಬತ್ತರ ದಶಕದ ಕೊನೆ. ಬೋಗಾದಿಯ ಹೊಸ ಬಡಾವಣೆಯಲ್ಲೊಂದು ಮನೆಗೆ ಹೆಣ್ಣು ನೋಡಲು ಹೋದಾಗ ಅಪ್ಪ ಗೇಟಿನ ಬಳಿಯೇ ಎಚ್ಚರಿಸಿದರು: “ಈ ಸಲವೂ ಕಂಬದ ಥರ ಕೂತ್ಬುಟ್ರೆ ನಾನಿನ್ನು ಯಾರ ಮನೆಗೂ ಬರಲ್ಲ ಕಣೋ. ಏನಾದ್ರೂ ಮಾತಾಡು.” ಅವನನ್ನು ತಿವಿಯುವ ಕೆಲಸ ಕಾಲೇಜು ಓದುತ್ತಿದ್ದ ನನ್ನ ಪಾಲಿಗೆ ಬಿತ್ತು.

ಒಳಗೆ ಹೋದರೆ ಟಿವಿಯಲ್ಲಿ ಹಿಂದಿ ಸಿನಿಮಾ. ಸೇಡು, ಕಳೆದುಹೋದ ತಮ್ಮ, ಕಣ್ಣೀರಿನ ತಾಯಿ ಎಂದು ಹಳೇ ಸಿನಿಮಾಗಳಲ್ಲಿ ಬರುವುದನ್ನೆಲ್ಲ ಗೇಲಿ ಮಾಡಲೆಂದೇ ತೆಗೆದದ್ದು. ಗುಂಡು ತಿಂದ ಅಣ್ಣನೊಬ್ಬ ನೆಲದ ಮೇಲೆ ಬಿದ್ದುಕೊಂಡು ತಮ್ಮನಿಗೆ ಏನೋ ಹೇಳುತ್ತಿದ್ದ. ಹುಡುಗಿಯ ತಂದೆ ಆರಿಸಲು ಎದ್ದರು. ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ ಅವರ ತಾಯಿ ಬಿಡಲಿಲ್ಲ. “ಇರ್ಲಿ ಬುಡೋ. ಅವನು ಸಾಯೋದು ನೋಡ್ಬೇಕು ನಾನು.” ಆ ಅಜ್ಜಿಗೆ ಹಿಂದಿ ಬರದು, ದಿನಾ ಅರ್ಥ ಹೇಳುತ್ತಿದ್ದ ಮೊಮ್ಮಗಳು ಒಳಗೆ ಸೀರೆ ಉಡುತ್ತಿದ್ದಳು. ಹಾಗಾಗಿ ಚಿಕ್ಕಪ್ಪನ ಕಡೆ ತಿರುಗಿದರು: “ನಿಮಗೆ ಹಿಂದಿ ಬತ್ತದೇನಪ್ಪಾ? ಏನಂತಾನೆ ಅವನು?”

ನಾನು ತಿವಿದೆ. ಚಿಕ್ಕಪ್ಪನ ಹಿಂದಿ ಸ್ಕೂಲಿನಲ್ಲಿ ಹೇಗೋ ಪಾಸಾದಷ್ಟು. ಇದು ಗೇಲಿಯ ಸಿನಿಮಾ ಎನ್ನುವುದಂತೂ ಅವನಿಗೆ ಹೊಳೆಯಲೇ ಇಲ್ಲ. ಆದರೆ ಅರ್ಥ ಹೇಳು ಎಂದರೆ ಬಿಟ್ಟಾನೆಯೇ! ಬೆನ್ನು ನೆಟ್ಟಗೆ ಮಾಡಿ ಗಂಟಲು ಸರಿಪಡಿಸಿಕೊಂಡ.

“ಎಲೈ ಸೋದರನೇ, ಹೆತ್ತ ತಾಯಿಯ ಋಣ ತೀರದೆ ಈ ಪ್ರಾಣ ಹೊರಡಲೊಲ್ಲದು ಎನ್ನುತ್ತಾನೆ. ನೋಡಿ, ಎಂಥ ಮಾತು!”

ತೆರೆಯ ಮೇಲೆ ಗುಂಡು ತಿಂದವನು ಸತ್ತ. ಎದ್ದು ಅಂಗಿ ಕೊಡವಿಕೊಂಡ. ಇನ್ನೊಂದು ಮಾತಾಡಿ ಮತ್ತೆ ಸತ್ತ. ಅವನು ಎದ್ದಾಗಲೆಲ್ಲ ಚಿಕ್ಕಪ್ಪನಿಗೊಂದು ಧರ್ಮಸೂಕ್ಷ್ಮ ಕಾಣುತ್ತಿತ್ತು. “ಪುಣ್ಯಾತ್ಮ! ಯಮನನ್ನೇ ಬಾಗಿಲಲ್ಲಿ ನಿಲ್ಲಿಸಿ ತಮ್ಮನಿಗೆ ಬುದ್ಧಿ ಹೇಳುತ್ತಿದ್ದಾನೆ.” ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಪ್ಪ ಫ್ಯಾನು ನೋಡುತ್ತಿದ್ದರು. ನಾನು ಕರ್ಚೀಫನ್ನು ಬಾಯಿಗೆ ತುರುಕಿಕೊಂಡಿದ್ದೆ.

ಆಗ ಉಪ್ಪಿಟ್ಟು, ಕೇಸರಿಭಾತಿನ ಟ್ರೇ ಹಿಡಿದು ತಲೆ ತಗ್ಗಿಸಿಕೊಂಡು ಹುಡುಗಿ ಬಂದಳು. ಟ್ರೇ ಗಡಗಡ ನಡುಗುತ್ತಿತ್ತು. ಪಾಪ, ಭಯ ಎಂದುಕೊಂಡೆವು. ಟೀಪಾಯಿಯ ಮೇಲಿಟ್ಟದ್ದೇ ತಡ, ಚಾಪೆಯ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ಅಜ್ಜೀ, ತಾಯೀನೂ ಇಲ್ಲ, ಋಣಾನೂ ಇಲ್ಲ! ನೆಲ ತಣ್ಣಗಿದೆ, ಸಾಯೋಕೆ ಆಗ್ತಿಲ್ಲ, ಒಂದು ತಲೆದಿಂಬು ತಂದ್ಕೊಡು ಅಂತಿದ್ದಾನೆ ಅವನು!”

ತಂದೆಯ ಮುಖ ಕೆಂಪೇರಿತು. ಹೆಣ್ಣು ನೋಡಲು ಬಂದವರ ಎದುರು ಬಿದ್ದುಬಿದ್ದು ನಕ್ಕ ಹುಡುಗಿ; ಹಿರಿಯರಿಗೆ ಇಲ್ಲದ ಅರ್ಥ ಹೇಳಿ ಸಿಕ್ಕಿಬಿದ್ದ ಗಂಡು. ಈ ಸಂಬಂಧವೂ ಹೋಯಿತೆಂದು ಅಪ್ಪ ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿಯ ಕಡೆ ನೋಡಿದರು.

ಅಜ್ಜಿ ಗದರಿದ್ದು ಮೊಮ್ಮಗಳನ್ನು. “ಸುಮ್ನಿರೇ. ಇಷ್ಟು ದಿನ ನೀನು ಹೇಳಿದ್ದಕ್ಕೆ ನಂಗೆ ಒಂದಿನ ಆದ್ರೂ ಅಳು ಬಂತಾ? ನೀನು ಮುಂದಕ್ಕೆ ಹೇಳಪ್ಪಾ.”

ಚಿಕ್ಕಪ್ಪನ ಕಿವಿಯವರೆಗೂ ನಾಚಿಕೆ ಹತ್ತಿತ್ತು. ಆದರೂ, ನಮ್ಮ ಪುಣ್ಯ, ಬಾಯಿ ಮುಚ್ಚಲಿಲ್ಲ. ಹುಡುಗಿಯನ್ನೇ ಕೇಳಿದ: “ಹಾಗಾದ್ರೆ ಅದಕ್ಕೆ ಮುಂಚೆ ಎದ್ದಾಗೆಲ್ಲ ಏನಂದ್ನಂತೆ? ನೀವೇ ಹೇಳಿ.”

“ನಂಗೇನು ಗೊತ್ತು?” ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು. “ನಾನು ಬಾಗಿಲ ಹಿಂದೆ ನಿಂತು ನೀವು ಹೇಳೋದನ್ನ ಕೇಳ್ತಿದ್ನಲ್ಲ.”

ಅಜ್ಜಿ ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ತಾವೇ ಟಿವಿ ಆರಿಸಿ ಮಗನ ಕಡೆ ತಿರುಗಿದರು.

“ಏನೋ ಮುಖ ನೋಡ್ತೀಯಾ? ಪಂಚಾಂಗ ತಾರೋ.”