ಹತ್ತಿ ಟೆಂಡರಿನ ಚಿನ್ಮಯೀ

ನಮ್ಮ ಹತ್ತಿ ಮಾರುಕಟ್ಟೆಯ ಕಂಪ್ಯೂಟರ್ ನೋಡಿಕೊಳ್ಳುವವಳು ಸಪ್ತಾಪುರದ ಚಿನ್ಮಯೀ. ಖರೀದಿದಾರರು ಮೊಬೈಲಿನಲ್ಲಿ ಹಾಕುವ ಟೆಂಡರಿನ ದರಗಳೆಲ್ಲ ಮೂರು ಸರ್ವರ್‌ಗಳಲ್ಲಿರುತ್ತವೆ. ಒಂದು ದುಡಿಯುತ್ತದೆ, ಎರಡು ನಕಲು ಇಟ್ಟುಕೊಂಡು ಕಾಯುತ್ತವೆ. ಮೊನ್ನೆ ಅವಕ್ಕೆ ಹೊಸ ಸಾಫ್ಟ್‌ವೇರ್ ಹಾಕಬೇಕಾಗಿ ಬಂತು. ಟೆಂಡರ್ ನಿಂತರೆ ಶಿರಗುಪ್ಪಿಯ ರೈತರು ಹತ್ತಿ ಮಾರದೆ ತಿರುಗಿ ಹೋಗಬೇಕು.

“ಅಮಾಸಿ ರಜಾದಾಗ ಮಾಡಾಕ ಏನ ಧಾಡಿ?” ಎಂದು ದಲಾಲನಾದ ನಾನು ರೇಗಿದೆ.

“ಹಳೇದರಾಗ ದೋಷ ಸಿಕ್ಕದರಿ ಕಾಕಾ, ಅಲ್ಲೀತನಕ ತಡಿಯೂದಿಲ್ಲ.”

ಕಾಯುತ್ತಿದ್ದ ಎರಡನ್ನೂ ಅವಳು ಬೆಳಿಗ್ಗೆಯೇ ಹೊಸದು ಮಾಡಿದ್ದಳು. ಇನ್ನು ಕೆಲಸವನ್ನು ಅವುಗಳಲ್ಲೊಂದಕ್ಕೆ ವಹಿಸುವ ಅರೆಗಳಿಗೆ ಮಾತ್ರ ದರ ಹಾಕಲು ಬರುವುದಿಲ್ಲ. ಚಹಾ ಬಂದರೆ ನಮ್ಮ ಖರೀದಿದಾರರೆಲ್ಲ ಮೊಬೈಲ್ ಕೆಳಗಿಡುತ್ತಾರೆ. ಅವಳು ಅದಕ್ಕೇ ಕಾದಳು.

“ಯಾವಾಗ ಬಂದ್ ಮಾಡ್ತೀಯವಾ?” ಎಂದೆ, ಚಹಾ ಮುಗಿಸಿ.

“ಆತಲ್ರಿ! ನೀವು ಕಪ್ಪಿನ ಚಹಾ ಬಸಿಗೆ ಸುರಕೊಳ್ಳೂದರಾಗ ಮುಗೀತು.”

ಪರದೆಯ ಮೇಲೆ ಶಿರಗುಪ್ಪಿ ಹತ್ತಿಯ ದರ ಏರುತ್ತಿತ್ತು.