ಬಾಡಿಸದ ಎಕ್ಕದೆಲೆ

ನನ್ನ ಬಾಯಿ ಮೊದಲಿಂದಲೂ ಜೋರು. ಗುಬ್ಬಿಯ ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದಾಗ ಹೆಡ್‌ಮಾಸ್ಟರೇ ನನ್ನ ಹತ್ತಿರ ಅಳೆದು ತೂಗಿ ಮಾತಾಡುತ್ತಿದ್ದರು. ಈ ಬಾಯಿಂದ ಅಪ್ಪನಿಗೆ ಆದ ಅನಾಹುತವನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಅಪ್ಪ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಸೈಸ. ಮೈ ತಿಕ್ಕುವುದು, ಹುರುಳಿ ನೆನೆಹಾಕುವುದು, ಲಾಯ ಗುಡಿಸುವುದು ಅವನ ಕೆಲಸ. ಅವನ ಕಣ್ಣೆದುರೇ ಹುಟ್ಟಿದ ಕಂದು ಕುದುರೆಯೊಂದು ರೇಸಿಗೆ ಆಗಿಬರದೆ ಬೆಂಗಳೂರಿನ ಸವಾರರೊಬ್ಬರ ಪಾಲಾಗಿ, ಅಡ್ಡಗಂಬ ಹಾರುವುದನ್ನು ಕಲಿತಿತ್ತು. ಎಂಬತ್ತರ ದಶಕದ ಶುರುವಿನಲ್ಲಿ ಐದಾರು ದೇಶದವರು ಬೆಂಗಳೂರಲ್ಲಿ ಸೇರಿ ಕುದುರೆ ಹಾರಿಸುವ ಸ್ಪರ್ಧೆ ನಡೆಸಿದಾಗ ಆ ಸವಾರರು ಅಪ್ಪನನ್ನೇ ಕರೆಸಿಕೊಂಡರು. ಎಷ್ಟೋ ಮರಿಗಳನ್ನು ಸಾಕಿ ಲಾರಿ ಹತ್ತಿಸಿ ಕಳಿಸಿದವನು ಒಂದನ್ನಾದರೂ ಪಂದ್ಯದಲ್ಲಿ ಕಂಡಿರಲಿಲ್ಲ. ಇನ್ನಾರು ತಿಂಗಳಿಗೆ ರಿಟೈರು. ಇದೊಂದು ಕುದುರೆ ಜನದೆದುರು ಹಾರುವುದನ್ನು ಕಣ್ತುಂಬ ನೋಡಬೇಕು ಅನ್ನುವುದೊಂದೇ ಅವನ ಆಸೆ.

ನನಗೂ ಲಾಯದೊಳಗೆ ಹೋಗುವ ಪಾಸು ಕೊಡಿಸಿದ್ದ. ನಾನು ಹೊರಡುವ ಹಿಂದಿನ ದಿನ ಫಾರಂನವರೊಬ್ಬರ ಕೈಲಿ ಸುದ್ದಿ ಬಂತು: ಕುದುರೆಯ ಮುಂಗಾಲು ಚೂರು ಊದಿದೆ, ಪಂದ್ಯಕ್ಕೆ ಮುಂಚೆ ಡಾಕ್ಟರು ಕಾಲು ನೋಡುತ್ತಾರೆ, ಸೈಸರನ್ನು ಹೊರಗೆ ಬಿಡುವುದಿಲ್ಲ, ಬರುವಾಗ ಎಕ್ಕದೆಲೆ ತರಬೇಕಂತೆ. ಮನುಷ್ಯರ ಮಂಡಿಯಾಗಲಿ, ಎತ್ತಿನ ಕಾಲಾಗಲಿ, ಊತ ಅಂದರೆ ನಮ್ಮ ಕಡೆ ಎಕ್ಕದೆಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಕಟ್ಟುವುದು. ಶನಿವಾರ ಶಾಲೆ ಬಿಟ್ಟವಳೇ ಹಿತ್ತಲಿನ ಎಕ್ಕದ ಗಿಡದಿಂದ ಎಲೆ ಕಿತ್ತು, ಬ್ಯಾಗಿನಲ್ಲಿ ಸೀರೆಯ ಮಡಿಕೆ ನಡುವೆ ಇಟ್ಟು, ತುಮಕೂರಲ್ಲಿ ಬಸ್ಸು ಬದಲಿಸಿ ಹೋದೆ.

ಅಬ್ಬಾ, ಆ ಲಾಯದ ವೈಭೋಗ! ಒಂದೊಂದು ಕುದುರೆಗೂ ಫ್ಯಾನು, ಹೊದಿಕೆ. ಪರದೇಶದ ಹುಡುಗಿಯೊಬ್ಬಳು ಸ್ಟೂಲಿನ ಮೇಲೆ ನಿಂತು ಕುದುರೆಗೆ ಜಡೆ ಹಾಕುತ್ತಿದ್ದಳು. ನಮ್ಮ ಕಂದು ಕುದುರೆ ಅಪ್ಪನ ಭುಜಕ್ಕೆ ಮೂತಿ ಉಜ್ಜುತ್ತಾ ನಿಂತಿತ್ತು. ಆದರೆ ಹುಲ್ಲಿರುವ ಜಾಗವಾದ್ದರಿಂದ ಅಲ್ಲಿ ಬೆಂಕಿಕಡ್ಡಿ ಗೀರುವ ಹಾಗಿಲ್ಲ. ಅಪ್ಪ ಎಲೆ ಕೈಲಿ ಹಿಡಿದು ಅನುಮಾನಿಸಿದ.

"ಬಾಡಿಸ್ದೆ ಕಟ್ಬಾರ್ದು ಕಣವ್ವ. ಎಕ್ಕದ್ ಹಾಲು ಚರ್ಮ ಸುಡ್ತದೆ."

"ಅಯ್ಯೋ ಏನೂ ಆಗಲ್ಲ, ಕಟ್ಟಪ್ಪ. ಬಿಸೀದಾದ್ರೂ ಎಲೆ, ಹಸೀದಾದ್ರೂ ಎಲೆ. ನಾಳೆ ಬೆಳಿಗ್ಗೆ ಡಾಕ್ಟ್ರು ನೋಡೋ ಹೊತ್ಗೆ ಊತ ಇಳೀಬೇಕೋ ಬೇಡ್ವೋ?"

ನಲವತ್ತು ವರ್ಷ ಕುದುರೆ ಸಾಕಿದವನು ಮಗಳ ಮಾತಿಗೆ ತಲೆಯಾಡಿಸಿ ಕಟ್ಟಿದ. ನಾನು ನೆಂಟರ ಮನೆಗೆ ಹೋಗಿ ಹಾಯಾಗಿ ಮಲಗಿದೆ.

ಬೆಳಿಗ್ಗೆ ಬಂದರೆ ಲಾಯದ ಮುಂದೆ ಜನ. ಪರದೇಶದ ಡಾಕ್ಟರು ಬಗ್ಗಿ ಕುದುರೆಯ ಮುಂಗಾಲು ಮುಟ್ಟಿದರೆ ಅದು ಬೆಚ್ಚಿ ಕಾಲೆತ್ತುತ್ತಿತ್ತು. ಊತವೇನೋ ಇಳಿದಿತ್ತು, ಚರ್ಮ ಮಾತ್ರ ಕೆಂಪಗೆ ಬೆಂದಿತ್ತು. ಅಪ್ಪನ ಮಾತು ತಿಳಿಯದೆ ಒದ್ದಾಡುತ್ತಿದ್ದ ಅವರು ಮಾತು ದಾಟಿಸಲು ನನ್ನನ್ನು ನಡುವೆ ನಿಲ್ಲಿಸಿಕೊಂಡರು. ಕಾಲಿಗೆ ಉರಿಯುವ ಮದ್ದು ಹಚ್ಚುವ ಮೋಸಗಾರರು ಇದ್ದಾರಂತೆ. ಕಂಬ ತಾಗಿದರೆ ಉರಿಯುತ್ತದೆಂದು ಕುದುರೆ ಇನ್ನಷ್ಟು ಎತ್ತರ ಹಾರುತ್ತದಂತೆ. ಅಪ್ಪನೂ ಅದನ್ನೇ ಮಾಡಿದನೇ ಅಂತ ಅವರ ಅನುಮಾನ. ನಾನು ಅದನ್ನು ಕನ್ನಡದಲ್ಲಿ ಹೇಳುತ್ತಲೇ ಅಪ್ಪ ಕುದುರೆಯ ಕುತ್ತಿಗೆ ತಬ್ಬಿಕೊಂಡ.

"ಥೂ! ಹೆತ್ತ ಕೂಸಿಗೆ ಬರೆ ಹಾಕ್ತಾರಾ ಯಾರಾನಾ? ನೋವ್ಗೆ ಕಟ್ಟಿದ್ದು ಅನ್ನವ್ವ."

ಹಾಗೇ ಇಂಗ್ಲಿಷಿನಲ್ಲಿ ಅಂದೆ. ಡಾಕ್ಟರು ನಂಬಿದರೋ ಬಿಟ್ಟರೋ, ಪುಸ್ತಕ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಈ ಎಲೆಯನ್ನು ಒಳಗೆ ತಂದವರು ಯಾರು, ಹೀಗೆ ಕಟ್ಟಲು ಹೇಳಿದವರು ಯಾರು ಎಂದು ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಪ್ಪ ಪುಸ್ತಕ ನೋಡಿದ, ನನ್ನ ಕಡೆ ನೋಡಲೇ ಇಲ್ಲ.

"ನಾನೇ ತಂದೆ, ನಾನೇ ಕಟ್ದೆ. ಯಾರೂ ಹೇಳ್ಕೊಡ್ಲಿಲ್ಲ. ಹೇಳವ್ವ."

"ಅಪ್ಪಾ..."

"ನಿನ್ ಹೆಸ್ರು ಬರ್ಕಂಡ್ರೆ ನಿನ್ ಇಸ್ಕೂಲ್ ಕೆಲ್ಸುಕ್ಕೆ ಕುತ್ತು ಬತ್ತದೆ ಕಣವ್ವ. ಸುಮ್ಕೆ ಹೇಳು."

ಹೆಡ್‌ಮಾಸ್ಟರನ್ನು ನಡುಗಿಸುವ ಬಾಯಿ ನನ್ನದು. ಅಪ್ಪ ಅಂದದ್ದನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಒಪ್ಪಿಸಿದೆ.

ಕುದುರೆಯನ್ನು ಸ್ಪರ್ಧೆಯಿಂದ ತೆಗೆದುಹಾಕಿದರು. ಸವಾರರು ಅಪ್ಪನ ಮುಖವನ್ನೂ ನೋಡಲಿಲ್ಲ. ಕಾವಲಿನವನು ಅಪ್ಪನ ಕುತ್ತಿಗೆಯ ಪಾಸು ಬಿಚ್ಚಿಕೊಂಡು ಹಗ್ಗದಾಚೆ ಕಳಿಸಿದ. ಒಳಗೆ ಬೇರೆ ಯಾರೋ ಲಗಾಮು ಹಿಡಿದಿದ್ದರು. ಕುದುರೆ ಒಂದೇ ಸಮನೆ ಕೆನೆಯುತ್ತಿತ್ತು. ಅಪ್ಪ ಹಗ್ಗ ಹಿಡಿದು ನಿಂತೇ ಇದ್ದ. ಓಡಿಹೋಗಿ ನಿಜ ಹೇಳಬೇಕೆಂದು ನನ್ನ ಜೀವ ಕಿತ್ತುಕೊಳ್ಳುತ್ತಿತ್ತು, ಆದರೂ ಹೋಗಲಿಲ್ಲ.

ಕುಣಿಗಲ್ ಬಸ್ಸು ನೆಲಮಂಗಲ ದಾಟಿತು. ಅಪ್ಪ ನನ್ನ ಕಡೆ ತಿರುಗಿದ.

"ಎಷ್ಟ್ ಚೆಂದಾಗಿ ಇಂಗ್ಲಿಷ್ ಮಾತಾಡ್ದೆ ಕಣವ್ವ ನೀನು! ಆ ಡಾಕ್ಟ್ರು ಒಂದ್ ಕಿತಾನೂ ತಿರುಗ್ಸಿ ಕೇಳ್ಲಿಲ್ಲ ನೋಡು."

ನನ್ನಾಣೆಗೂ ಅದು ಕೊಂಕಲ್ಲ. ಹೆಮ್ಮೆಯಿಂದಲೇ ಹೇಳಿದ.